ಹಸಿರು ಕೆರೆ, ನೀಲಿ ಕೆರೆ, ನಡುವೆ ನಾವು

ಅಲ್ಲಾಳಸಂದ್ರ

ನಾರ್ವೆಗೆ ಹೋಗಿ ಬಂದೆವು ಎಂದರೆ ಅಲ್ಲಾಳಸಂದ್ರದ ನಮ್ಮ ಬೀದಿಯವರು ಕೇಳುವುದು ಎರಡೇ ಪ್ರಶ್ನೆ. ಊಟಕ್ಕೆ ಏನು ಮಾಡಿದಿರಿ? ಅಲ್ಲಿ ಕತ್ತಲೆಯೇ ಆಗುವುದಿಲ್ಲವಂತೆ, ನಿಜವೇ? ಬೆಟ್ಟ ಹತ್ತಿದೆವು ಎಂದು ಬಾಯಿ ತೆರೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಬೆಟ್ಟ ಹತ್ತೋಕೆ ಅಷ್ಟು ದೂರ ಯಾಕ್ ಸಾರ್, ಇಲ್ಲೇ ನಂದಿ ಇತ್ತಲ್ಲ" ಎಂದು ಎದುರು ಮನೆಯವರು ಗೇಟು ಹಾಕಿಕೊಂಡು ಒಳಗೆ ಹೋಗುತ್ತಾರೆ. ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ. ಅದೇ ಬಡಾವಣೆಯ ಬೀದಿಗಳಲ್ಲಿ ನನ್ನ ಹೆಂಡತಿ ಶೈಲಾ ಹೆಂಗಸರಿಗೆ ಕಾರು ಕಲಿಸುತ್ತಾಳೆ. ಅವಳ ಕಾರಿನಲ್ಲಿ ಕಲಿಯುವವರ ಕಾಲಿಗೊಂದು ಬ್ರೇಕು, ಪಕ್ಕದಲ್ಲಿ ಕುಳಿತ ಇವಳ ಕಾಲಿಗೊಂದು ಬ್ರೇಕು. ಸ್ಟೀರಿಂಗ್ ಹಿಡಿದು ಬೆವರುವವರಿಗೆ ಅವಳು ದಿನವಿಡೀ ಹೇಳುವುದು ಒಂದೇ ಮಾತು: "ಹೆದರ್ಬೇಡಿ, ನನ್ ಹತ್ರಾನೂ ಬ್ರೇಕ್ ಇದೆ."

ನಮ್ಮಿಬ್ಬರಲ್ಲಿ ಧೈರ್ಯ ಪೂರ್ತಿ ಅವಳ ಪಾಲಿಗೇ ಬಂದಿದೆ. ನನಗೆ ಎತ್ತರ ಕಂಡರಾಗದು. ಹೆಬ್ಬಾಳದ ಫ್ಲೈಓವರ್ ಮೇಲೆ ನಡುವಿನ ಲೇನು ಹಿಡಿದು, ಮುಂದಿನ ಗಾಡಿಯ ನಂಬರ್ ಪ್ಲೇಟನ್ನು ಓದುತ್ತಾ ದಾಟುತ್ತೇನೆ. ಮನೆಯ ನೀರಿನ ಟ್ಯಾಂಕು ನೋಡಬೇಕಾದ ದಿನ ನನಗೆ ಸರಿಯಾಗಿ ಬೆನ್ನು ಹಿಡಿದುಕೊಳ್ಳುತ್ತದೆ. ಇದು ಶೈಲಾಗೆ ಗೊತ್ತಿಲ್ಲ ಎಂದೇ ನಾನು ನಂಬಿಕೊಂಡಿದ್ದೆ.

ಒಂದು ಸಂಜೆ ಅಂಗಡಿಯಲ್ಲಿ ಯಾರದ್ದೋ ಫ್ರೇಮಿಗೆ ಸ್ಕ್ರೂ ಕೂರಿಸುತ್ತಿದ್ದಾಗ ಶೈಲಾ ಬಂದು ಮೊಬೈಲು ಮುಂದೆ ಹಿಡಿದಳು. "ನೋಡ್ರೀ, ಎಷ್ಟು ಚೆನ್ನಾಗಿದೆ. ಮದ್ವೆ ಆಗಿ ಇಪ್ಪತ್ತೈದು ವರ್ಷ ಆಯ್ತಲ್ಲ, ಇಲ್ಲಿಗೆ ಹೋಗೋಣ." ನಾನು ಕತ್ತೆತ್ತದೆ "ಹೂಂ" ಅಂದೆ. ಗಂಡಂದಿರು ಕತ್ತೆತ್ತದೆ ಹೇಳುವ ಹೂಂಗಳಿಂದಲೇ ಲೋಕದ ಅರ್ಧ ವ್ಯವಹಾರ ನಡೆಯುತ್ತಿರಬೇಕು. ಸ್ಕ್ರೂ ಕೂತ ಮೇಲೆ ನೋಡಿದರೆ, ಗರಗಸದ ಹಲ್ಲಿನಂಥ ಕಲ್ಲಿನ ಏಣಿನ, ಬೆಟ್ಟದ ಚೂಪು ಬೆನ್ನಿನ ಮೇಲೆ ಜನ ಇರುವೆಗಳಂತೆ ಸಾಲಾಗಿ ಹೋಗುತ್ತಿದ್ದಾರೆ, ಎರಡೂ ಪಕ್ಕದಲ್ಲಿ ಪಾತಾಳ. ನಾರ್ವೆಯ ಬೆಟ್ಟ, ಬೆಸ್ಸೆಗ್ಗೆನ್ ಅಂತ ಅದರ ಹೆಸರು.

ಅಲ್ಲಿಂದ ಅಭ್ಯಾಸ ಶುರು. ಬೆಳಿಗ್ಗೆ ಅಲ್ಲಾಳಸಂದ್ರ ಕೆರೆಯ ಸುತ್ತ ಬಿರುಸಿನ ನಡಿಗೆ. ಕೆರೆಯ ಆಚೆ ದಂಡೆಯ ಹಳೆಯ ಮನೆತನದ ಮುನಿರಾಜಣ್ಣ ಒಂದು ದಿನ ತಡೆದು ನಿಲ್ಲಿಸಿದರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅವರೀಗ ಅಪಾರ್ಟ್‌ಮೆಂಟು ಬೆಳೆಯುತ್ತಿದ್ದಾರೆ.

"ಏನ್ ಸಾಮೇರಾ, ಇಂಗೆ ಮಟ್ಟದಾಗೆ ಸುತ್ತಿದ್ರೆ ಬೆಟ್ಟ ಅತ್ತೋಕಾಯ್ತದಾ? ನನ್ ಬಿಲ್ಡಿಂಗ್ ಅತ್ತಿ ಇಳೀರಿ. ಲಿಫ್ಟ್ ಇನ್ನೂ ಆಕಿಲ್ಲ."

ಲಿಫ್ಟ್ ಮಾತ್ರವಲ್ಲ, ಮೆಟ್ಟಿಲಿಗೆ ಕಂಬಿಯನ್ನೂ ಹಾಕಿರಲಿಲ್ಲ. ನಾನು ಗೋಡೆ ಸವರುತ್ತಾ ಹತ್ತುತ್ತಿದ್ದೆ. ಊರು ಬಿಡುವ ಹೊತ್ತಿಗೆ ನನ್ನ ಅಂಗಿಯ ಬಲತೋಳೆಲ್ಲ ಸಿಮೆಂಟುಮಯವಾಗಿತ್ತು.

ದೋಣಿ

ನಾರ್ವೆಯ ಜನ ಕೆಟ್ಟವರಲ್ಲ, ಆದರೆ ಊರಿನಲ್ಲಿ ಮಾತಾಡುವುದಿಲ್ಲ. ಬಸ್ಸಿನಲ್ಲಿ ಜೋಡಿ ಸೀಟಿನ ಕಿಟಕಿ ಬದಿಗೆ ಒಬ್ಬರು ಕೂತರೆ ಮುಗಿಯಿತು, ಇನ್ನೊಬ್ಬರು ನಿಂತೇ ಹೋಗುತ್ತಾರೆ. ಮೊದಲ ದಿನ ನಮ್ಮ ಪಕ್ಕ ಯಾರೂ ಕೂರದಿದ್ದಾಗ ಶೈಲಾ ಕಳವಳಪಟ್ಟಳು.

"ಚಟ್ನಿಪುಡಿ ವಾಸನೆ ಬರ್ತಿದ್ಯೇನ್ರೀ?"

"ಅವರ ಪಕ್ಕ ಅವರೇ ಕೂರಲ್ಲ ಕಣೇ, ನೋಡು."

ಆರ್.ಟಿ. ನಗರದ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಐವರು ಕೂತು, ಆರನೆಯವರ ಚೀಲವನ್ನೂ ತೊಡೆಯ ಮೇಲಿಟ್ಟುಕೊಂಡು, ಅವರ ಮಗಳ ಸಂಬಂಧದ ವಿಷಯ ಮಾತಾಡುವವರು ನಾವು.

ಬೆಸ್ಸೆಗ್ಗೆನ್ ಹತ್ತುವವರು ಬೆಳಿಗ್ಗೆ ದೋಣಿಯಲ್ಲಿ ಕೆರೆ ದಾಟಿ, ದೂರದ ದಡದಲ್ಲಿ ಇಳಿದು, ಬೆಟ್ಟದ ಮೇಲಿನಿಂದ ನಡೆದು ಹೊರಟಲ್ಲಿಗೇ ಬರಬೇಕು. ಆ ಕೆರೆಯ ಹೆಸರನ್ನು ಫಲಕದಲ್ಲಿ ಗಕಾರ ಜಕಾರ ಎಲ್ಲ ಹಾಕಿ ಬರೆದಿದ್ದಾರೆ. ಓದಲು ಬಾರದೆ ಟಿಕೆಟ್ಟಿನ ಹುಡುಗಿಯನ್ನು ಕೇಳಿದೆ.

"ಯೆಂದೆ" ಎಂದಳು.

"ಏನೆಂದೆ?" ಎಂದೆ.

"ಯೆಂದೆ" ಎಂದಳು ಮತ್ತೆ.

ಹಿಂದೆ ನಿಂತಿದ್ದ ಶೈಲಾ ನಗು ತಡೆಯಲಾರದೆ ದೋಣಿಕಟ್ಟೆಯ ಮರದ ಕಂಬ ಹಿಡಿದುಕೊಂಡಳು.

ಯೆಂದೆಯ ನೀರು ಹಸಿರು. ಹಿಮನದಿಗಳು ಬೆಟ್ಟವನ್ನು ಅರೆದು ತರುವ ಕಲ್ಲಿನ ಹಿಟ್ಟಿನಿಂದ ಆ ಬಣ್ಣವಂತೆ. ಜೂನ್ ತಿಂಗಳು ಅವರಿಗೆ ಬೇಸಿಗೆಯ ಆರಂಭ. ದಡದಲ್ಲಿ ಹಳದಿ ಹೂ, ತಲೆಯ ಮೇಲಿನ ಬೆಟ್ಟಗಳಲ್ಲಿ ಇನ್ನೂ ಹಿಮ. ದೋಣಿ ನಮ್ಮನ್ನು ಇಳಿಸಿ ಹಿಂತಿರುಗಿತು. ಅದು ಚಿಕ್ಕದಾಗುತ್ತಾ ಹೋಗುವುದನ್ನು ನಾನು ಬಹಳ ಹೊತ್ತು ನೋಡುತ್ತಾ ನಿಂತೆ.

"ಏನ್ರೀ, ಟಾಟಾ ಮಾಡ್ತಿದ್ದೀರಾ? ಬನ್ನಿ" ಎಂದಳು ಶೈಲಾ.

ಬುತ್ತಿ

ಊರಿನಲ್ಲಿ ಮೂಕರಾಗಿದ್ದ ಜನಕ್ಕೆ ಬೆಟ್ಟದಲ್ಲಿ ಬಾಯಿ ಬರುತ್ತದೆ. ಎದುರಾದವರು, ಹಿಂದಿನಿಂದ ಬಂದು ದಾಟಿದವರು ಎಲ್ಲರೂ "ಹೈ ಹೈ" ಎನ್ನುತ್ತಾರೆ. ಶೈಲಾ ಮೊದಲು "ಹೈ" ಎನ್ನುತ್ತಿದ್ದವಳು ಆಮೇಲೆ "ನಮಸ್ಕಾರ" ಶುರು ಮಾಡಿದಳು. ಅದಕ್ಕೂ ಅವರು "ಹೈ ಹೈ" ಎಂದೇ ಹೇಳಿದರು.

ಮೊದಲ ಏರಿಗೆ ಬೇಕಾದದ್ದು ಕಾಲಿನ ಬಲ, ಎದೆಗಾರಿಕೆಯಲ್ಲ. ಏದುಸಿರು ಬಿಡುತ್ತಾ ಹತ್ತಿದರಾಯಿತು. ಕಲ್ಲಿನ ಗುಪ್ಪೆಗಳ ಮೇಲೆ ದಾರಿ ತೋರಿಸಲು ಕೆಂಪು ಬಣ್ಣ ಬಳಿದಿದ್ದರು. ಒಂದು ಕಡೆ ಹಿಮದ ಇಳಿಜಾರಿನಲ್ಲಿ ಶೈಲಾ ಜಾರಿ, ಚೂಡಿದಾರದಲ್ಲೇ ಕುಳಿತು ಕೆಳಗಿನ ತನಕ ಹೋಗಿ, ಎದ್ದು ನಿಂತು, "ಇನ್ನೊಂದ್ಸಲ ಹೋಗ್ಲಾ?" ಎಂದು ಕೂಗಿದಳು.

ಬುತ್ತಿ ಬಿಚ್ಚಿದ್ದು ಒಂದು ಚಿಕ್ಕ ಕೊಳದ ಹತ್ತಿರ. ಪಕ್ಕದ ಬಂಡೆಯ ಮೇಲೆ ಮೂವರು ಕೂತಿದ್ದರು. ನೀಲಿ ಜಾಕೆಟ್ಟಿನ, ಗಡ್ಡದ, ಬಾಗಿಲಿನಷ್ಟು ಅಗಲದ ಯುವಕನ ಹೆಸರು ಊಲಾ. ಅವನನ್ನು ಮದುವೆಯಾಗಲಿದ್ದ ಹುಡುಗಿ ಮಾರಿತ್. ಮೂರನೆಯವರು ಅವಳಪ್ಪ, ಬಿಳಿಗೂದಲಿನ ನೀಳ ಮನುಷ್ಯ, ಮಾತು ಕಡಿಮೆ. ಮೂವರ ಚೀಲವನ್ನೂ ಊಲಾ ಒಬ್ಬನೇ ಹೊತ್ತಿದ್ದ. ನಗುವುದರಲ್ಲಿಯೂ ಅವನದೇ ದೊಡ್ಡ ದನಿ.

"ನನಗೆ ಬೆಟ್ಟವೆಂದರೆ ಪ್ರಾಣ" ಎಂದ ಇಂಗ್ಲಿಷಿನಲ್ಲಿ, ನಮ್ಮತ್ತ ತಿರುಗಿ, ಆದರೆ ಮಾವನಿಗೆ ಕೇಳುವಂತೆ.

"ನನಗೂ" ಎಂದೆ ನಾನು, ಶೈಲಾಗೆ ಕೇಳುವಂತೆ.

ಅವರು ನಮಗೆ ಕಂದು ಬಣ್ಣದ ಚೀಸು ಕೊಟ್ಟರು. ಸೀದ ಖೋವಾಕ್ಕೆ ಯಾರೋ ಉಪ್ಪು ಹಾಕಿದ ಹಾಗಿತ್ತು. ಮೊದಲ ತುಂಡು ತಿನ್ನುವಾಗ ಅಯ್ಯೋ ಅನ್ನಿಸಿತು, ಎರಡನೆಯದಕ್ಕೆ ನಾನೇ ಕೈ ಚಾಚಿದೆ. ಶೈಲಾ ಪುಳಿಯೋಗರೆ ಕೊಟ್ಟಳು. ಊಲಾ ಒಂದು ತುತ್ತು ತಿಂದು ಕಣ್ಣಲ್ಲಿ ನೀರು ತುಂಬಿಕೊಂಡು, "ತುಂಬಾ ಚೆನ್ನಾಗಿದೆ" ಎಂದ. ಮಾರಿತ್‌ಳ ಅಪ್ಪ ಡಬ್ಬಿಯನ್ನೇ ಖಾಲಿ ಮಾಡಿದರು. ಆಮೇಲೆ ಅವರು ಮುಂದೆ ಹೋದರು, ನಾವು ಮೊಣಕಾಲು ನೀವಿಕೊಂಡು ಹಿಂದೆ ಹೊರಟೆವು.

ಒಡ್ಡು

ಬೆಟ್ಟ ಒಮ್ಮೆ ತಗ್ಗಿಗಿಳಿದು, ಎರಡು ಕೆರೆಗಳ ನಡುವಿನ ಕಲ್ಲಿನ ಒಡ್ಡಿಗೆ ತಂದು ನಿಲ್ಲಿಸಿತು. ಎಡಗಡೆ, ಹತ್ತಿರದಲ್ಲೇ, ಹಿಮ ಪೂರ್ತಿ ಕರಗದ ಇನ್ನೊಂದು ಕೆರೆ. ಬಲಗಡೆ, ಎಷ್ಟೋ ಆಳದಲ್ಲಿ, ಯೆಂದೆ. ಎದುರಿಗೆ ಏಣು.

ಮೊಬೈಲಿನಲ್ಲಿ ಅದು ಮಲಗಿತ್ತು. ಇಲ್ಲಿ ಎದ್ದು ನಿಂತಿತ್ತು. ಕಲ್ಲುಗಳ ಮೇಲೆ ಕಲ್ಲು, ಅದರ ಮೇಲೆ ಬಣ್ಣಬಣ್ಣದ ಜಾಕೆಟ್ಟುಗಳು ನಾಲ್ಕು ಕಾಲಿನಲ್ಲಿ ಮೇಲೇರುತ್ತಿದ್ದವು. ಬೆನ್ನು ಹಿಡಿದುಕೊಂಡಿದೆ ಎಂದು ಹೇಳೋಣವೆಂದರೆ ಶೈಲಾ ಆಗಲೇ ಶೂ ಬಿಗಿಯುತ್ತಿದ್ದಳು. ಅವಳ ಮುಖದಲ್ಲಿ ಅಂಥ ಹಿಗ್ಗು.

ಆಗ ನನಗೊಂದು ಉಪಾಯ ಹೊಳೆಯಿತು. ಕನ್ನಡಕ ತೆಗೆದು ಅಂಗಿಯ ಜೇಬಿಗಿಟ್ಟೆ.

ನನ್ನ ದೃಷ್ಟಿ ಮೊಳದಾಚೆಗೆ ಹೋಗುವುದಿಲ್ಲ. ಮೂಗಿನ ಮುಂದಿನ ಕಲ್ಲು ಕಾಣುತ್ತದೆ, ಉಳಿದ ಲೋಕವೆಲ್ಲ ಒದ್ದೆ ಕಾಗದಕ್ಕೆ ಬಿದ್ದ ಬಣ್ಣ. ಪಾತಾಳ ಮಾಯವಾಯಿತು. ಬಲಗಡೆ ಮೆತ್ತಗಿನ ಹಸಿರು, ಎಡಗಡೆ ಮೆತ್ತಗಿನ ನೀಲಿ, ಹಾಸಿಗೆ ಹಾಸಿದ ಹಾಗೆ. ಇಷ್ಟು ಸುಲಭದ ಮದ್ದು ಇಷ್ಟು ವರ್ಷ ತಲೆಗೆ ಬರಲಿಲ್ಲವಲ್ಲ ಎಂದು ಕನ್ನಡಕದ ವ್ಯಾಪಾರಿಯಾದ ನಾನು ಮರುಗಿದೆ.

"ಕನ್ನಡಕ ಎಲ್ರೀ?"

"ಬೆವರು ಕಣೇ, ಜಾರ್ತಿದೆ. ನೀನು ಮುಂದೆ ನಡಿ."

ಏಣು

ಕೈ ಇಟ್ಟು, ಕಾಲು ಇಟ್ಟು, ಕೈ ಇಟ್ಟು ಹತ್ತಿದೆ. ಹಾಡು ಗುನುಗುವಷ್ಟು ಧೈರ್ಯ ಬಂದಿತ್ತು. ಅರ್ಧ ಏರಿದಾಗ ಎದುರಿಗೆ ಒಂದು ನೀಲಿ ಛಾಯೆಯ ದೊಡ್ಡ ಬಂಡೆ ಕಂಡಿತು. ಅದನ್ನು ತಬ್ಬಿ ಹಿಡಿದು ಮೇಲೇಳಲು ನೋಡಿದೆ. ಬಂಡೆ "ಓಯ್!" ಎಂದಿತು.

ನಾನು ಬೆಚ್ಚಿ ಹಿಂದೆ ಸರಿದೆ. ಜೇಬಿನಿಂದ ಏನೋ ಹಗುರವಾದದ್ದು ಜಿಗಿಯಿತು. ಟಿಕ್ ಎಂದಿತು, ಟಿಕ್ ಎಂದಿತು, ಆಮೇಲೆ ಸದ್ದಿಲ್ಲ.

"ಏನ್ರೀ ಬಿತ್ತು?" ಮೇಲಿನಿಂದ ಶೈಲಾ.

"ಕನ್ನಡಕ."

"ಇನ್ನೊಂದು ಜೊತೆ?"

ಅಂಗಡಿಗೆ ಬಂದವರಿಗೆಲ್ಲ ಇನ್ನೊಂದು ಜೊತೆ ಮಾಡಿಸಿಕೊಳ್ಳಿ, ಪ್ರಯಾಣದಲ್ಲಿ ಬೇಕಾಗುತ್ತದೆ ಎನ್ನುವವನು ನಾನೇ. ನನ್ನ ಇನ್ನೊಂದು ಜೊತೆ ತಂಗಿದ್ದ ಕೋಣೆಯ ಸೂಟ್‌ಕೇಸಿನಲ್ಲಿ ಭದ್ರವಾಗಿತ್ತು.

ಶೈಲಾ ನನ್ನ ಹತ್ತಿರಕ್ಕೆ ಇಳಿದು ಬಂದಳು. ಅವಳ ಮುಖ ಕಾಣುವಷ್ಟು ಹತ್ತಿರ. "ಬೆವರಲ್ಲ ಅಲ್ವಾ? ಕೆಳಗೆ ಕಾಣ್ಬಾರ್ದು ಅಂತ ತೆಗೆದ್ರಿ."

"ಹೂಂ."

"ಹೆಬ್ಬಾಳದ ಫ್ಲೈಓವರ್ ಮೇಲೆ ನೀವು ಉಸಿರು ಬಿಗಿ ಹಿಡಿಯೋದು ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನೀವು ಹೂಂ ಅಂದಾಗ, ಪಾಪ, ಭಯ ಗೆಲ್ಲೋಕೆ ನೋಡ್ತಿದ್ದಾರೆ ಅಂತ ಖುಷಿಪಟ್ಟೆ." ಅವಳ ದನಿ ಇದ್ದಕ್ಕಿದ್ದಂತೆ ಒಡೆಯಿತು. "ಇಷ್ಟೊತ್ತೂ ಕಣ್ಣು ಮುಚ್ಕೊಂಡು ಹತ್ತಿದ್ರಾ? ನಾನು ಮುಂದೆ ಮುಂದೆ ಹೋಗ್ತಾನೇ ಇದ್ದೆ. ತಿರುಗಿ ನೋಡಿದಾಗ ನೀವು ಇಲ್ದೇ ಇದ್ದಿದ್ರೆ?"

ಅವಳು ಕಲ್ಲಿನ ಮೇಲೆ ಕುಸಿದು ಕೂತಳು. ಇಲ್ಲದ ಬ್ರೇಕನ್ನು ಒತ್ತುವಂತೆ ಅವಳ ಕಾಲು ಕಲ್ಲನ್ನು ಒತ್ತಿ ಒತ್ತಿ ಬಿಡುತ್ತಿತ್ತು. ಲಾರಿಗೆ ಎದುರಾಗಿ ಕಾರು ತಿರುಗಿಸಿದ ವಿದ್ಯಾರ್ಥಿನಿಯ ಪಕ್ಕದಲ್ಲೂ ಗಾಬರಿಗೆಡದ ಕಾಲು ಅದು. ಆಗ ಮಾತ್ರ ನನಗೆ ನಿಜವಾದ ಭಯವಾಯಿತು.

ಆ ಹೊತ್ತಿಗೆ ಬಂಡೆ ಕೆಮ್ಮಿತು. ಅದು ಊಲಾ.

ಅವನು ಒಂದು ಕಲ್ಲನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತಿದ್ದ. ದಾಟಿ ಹೋದವರೆಲ್ಲ "ಹೈ ಹೈ" ಎಂದಾಗ ಇವನೂ ನಗುತ್ತಾ "ಹೈ ಹೈ" ಎಂದು, ನೋಟ ಸವಿಯುತ್ತಿರುವವನ ಹಾಗೆ ನಟಿಸುತ್ತಿದ್ದನಂತೆ. ಮಾರಿತ್ ಮತ್ತು ಅವಳಪ್ಪ ಮೇಲೆ ತಲುಪಿಯಾಗಿತ್ತು. ಅವನ ಊರು ಕಡಲ ತೀರದ್ದು, ಚಾಪೆಯಷ್ಟು ಸಮತಟ್ಟು. ಮಾವನ ಮನೆಯಲ್ಲಿ ಮೊದಲ ದಿನವೇ ಬೆಟ್ಟವೆಂದರೆ ಪ್ರಾಣ ಎಂದುಬಿಟ್ಟಿದ್ದ.

"ಮೇಲೂ ಹೋಗಲಾರೆ, ಕೆಳಗೂ ಇಳಿಯಲಾರೆ" ಎಂದ. "ದಯವಿಟ್ಟು ಯಾರನ್ನೂ ಕರೆಯಬೇಡಿ. ಹೆಲಿಕಾಪ್ಟರ್ ಬಂದರೆ ಮದುವೆಗೆ ನಾನು ಯಾವ ಮುಖ ಹೊತ್ತು ಹೋಗಲಿ?"

ಶೈಲಾ ಮೂಗೊರೆಸಿಕೊಂಡು ಅವನನ್ನು ನೋಡಿದಳು. ಆಮೇಲೆ ಕೆರೆಯ ದೂರದ ತುದಿಯನ್ನು ನೋಡಿದಳು. ಮೋಡ ಕಟ್ಟುತ್ತಿದೆ, ಮಳೆ ಬಿದ್ದರೆ ಕಲ್ಲು ಜಾರುತ್ತದೆ ಎಂದಳು. ಕೆಳಗಿನಿಂದ ಇನ್ನೂ ಜನ ಹತ್ತಿ ಬರುತ್ತಿದ್ದರು, ಹಿಂತಿರುಗಿ ಇಳಿಯುವುದು ಏರುವುದಕ್ಕಿಂತ ಕಷ್ಟ. ಅವಳು ಎದ್ದು ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು. ಆರ್.ಟಿ. ನಗರದ ಬೀದಿಗಳು ದಿನಾ ಕೇಳುವ ದನಿ ಹೊರಬಂತು.

"ರೀ, ನೀವು ನನ್ ಹಿಂದೆ. ಇವ್ರು ನಿಮ್ ಹಿಂದೆ. ನಿಮಗೆ ಕಾಲು ಎಲ್ಲಿಡ್ಬೇಕು ಅಂತ ಇವ್ರೇ ಹೇಳ್ಬೇಕು." ಇಂಗ್ಲಿಷಿನಲ್ಲಿ ಊಲಾಗೆ ಹೇಳಿದಳು: "ನನ್ನ ಗಂಡನಿಗೆ ಕಣ್ಣು ಕಾಣದು. ಅವರ ಶೂ ಬಿಟ್ಟು ಬೇರೇನೂ ನೋಡಬೇಡಿ. ಎಡವೋ ಬಲವೋ ಹೇಳಿ. ನೀವು ತಪ್ಪಿದರೆ ಅವರು ಹೋದರು."

"ನಾನಾ?" ಎಂದ ಊಲಾ.

"ಹೂಂ, ನೀವೇ. ಹೆದರ್ಬೇಡಿ, ನನ್ ಹತ್ರಾನೂ ಬ್ರೇಕ್ ಇದೆ" ಎಂದಳು ಶೈಲಾ, ಅಚ್ಚ ಕನ್ನಡದಲ್ಲಿ. ಅವನಿಗೆ ಏನು ತಿಳಿಯಿತೋ, ಕಲ್ಲನ್ನು ಬಿಟ್ಟ.

ಹೀಗೆ ನಮ್ಮ ಮೆರವಣಿಗೆ ಹೊರಟಿತು. ಗಾಬರಿಯಲ್ಲಿ ಊಲಾ ಇಂಗ್ಲಿಷ್ ಮರೆತು ತನ್ನ ಭಾಷೆಯಲ್ಲಿ ಏನೋ ಕೂಗುತ್ತಿದ್ದ. ನಾನು ಕಾಲೆತ್ತಿ ಗಾಳಿಯಲ್ಲಿ ಕಾಯುತ್ತಿದ್ದೆ. ಕೊನೆಗೆ ಶೈಲಾ ಅವನಿಗೆ ಎರಡು ಪದ ಕಲಿಸಿದಳು.

"ಎಡ" ಎಂದ ಊಲಾ. ನನ್ನ ಎಡಗಾಲು ಕಲ್ಲಿಗೆ ಕೂತಿತು. "ಬಲ" ಎಂದ. ಬಲಗಾಲು ಕೂತಿತು. "ಎಡ. ಬಲ. ಎಡ. ಎಡ."

ಕೊನೆಯ ಎಡ, ಬಲವಾಗಬೇಕಿತ್ತು.

ಏಣು ಅಲ್ಲಿ ಒಂದು ಮೇಜಿನಷ್ಟು ಕಿರಿದಾಗಿತ್ತಂತೆ. ನನ್ನ ಎಡಗಾಲು ಇಲ್ಲದ ಕಲ್ಲನ್ನು ಹುಡುಕುತ್ತಾ ಕೆಳಗಿಳಿಯಿತು, ಮೈ ಅದರ ಹಿಂದೆ ವಾಲಿತು. ಕೂಗಲೂ ಆಗಲಿಲ್ಲ. ಹಿಂದಿನಿಂದ ಬಂದ ಒಂದು ಕೈ ನನ್ನ ಬೆಲ್ಟು ಹಿಡಿದು, ಚೀಲವನ್ನು ಬಸ್ಸಿನ ಮೇಲಕ್ಕೆ ಎಸೆದಂತೆ ನನ್ನನ್ನು ಎತ್ತಿ ಕಲ್ಲಿಗೆ ಆತುಕೊಳ್ಳುವಂತೆ ನಿಲ್ಲಿಸಿತು. ಇಬ್ಬರೂ ಒಂದೇ ಜಾಗದಲ್ಲಿ ಅಂಟಿಕೊಂಡು ಉಸಿರಾಡಿದೆವು. ಬಸ್ಸಿನಲ್ಲಿ ಪಕ್ಕಕ್ಕೆ ಕೂರದ ದೇಶದ ಪ್ರಜೆಯ ಗಡ್ಡ ನನ್ನ ಕಿವಿಗೆ ಚುಚ್ಚುತ್ತಿತ್ತು.

"ಸಾರಿ" ಎಂದ. "ಬಲ. ಬಲ. ಸಾರಿ."

"ಪರವಾಗಿಲ್ಲ ಮಗಾ" ಎಂದೆ. ಅದೇಕೆ ಹಾಗೆ ಬಾಯಿಗೆ ಬಂತೋ ತಿಳಿಯದು.

ಶೈಲಾ ಮೇಲಿನಿಂದ ಕೇಳಿದಳು: "ಆರಾಮಾ?"

"ಆರಾಮ."

"ಸುಳ್ಳು ಹೇಳ್ಬೇಡಿ."

"ಆರಾಮಿಲ್ಲ. ಆದ್ರೆ ಇದ್ದೀನಿ."

"ಅಷ್ಟು ಸಾಕು. ಬನ್ನಿ."

ಆಮೇಲೆ ಊಲಾ ಒಮ್ಮೆಯೂ ತಪ್ಪಲಿಲ್ಲ. ಒಂದೊಂದು ಹೆಜ್ಜೆಯನ್ನೂ ನೋಡುತ್ತಾ, ಮಂತ್ರ ಹೇಳುವವರ ಏಕಾಗ್ರತೆಯಿಂದ ಎಡಬಲ ಹೇಳುತ್ತಾ ಬಂದ. ಯಾವಾಗಲೋ ಕಲ್ಲು ಮುಗಿದು ಕಾಲ ಕೆಳಗೆ ಹಿಮ ಕರಕರ ಎಂದಿತು. ಶೈಲಾ ನಿಂತಳು. ನಾನು ಅವಳ ಬೆನ್ನಿಗೆ ಢಿಕ್ಕಿ ಹೊಡೆದೆ. ಊಲಾ ನನ್ನ ಬೆನ್ನಿಗೆ.

"ಎಡ?" ಎಂದ ಅವನು, ಇನ್ನೂ ನನ್ನ ಶೂ ನೋಡುತ್ತಾ.

"ಮುಗೀತು ಗುರು" ಎಂದಳು ಶೈಲಾ. "ಮೇಲೆ ನೋಡು."

ತುದಿ

ಮಾರಿತ್ ಓಡಿ ಬಂದಳು. ಅವಳಪ್ಪ ನಿಧಾನವಾಗಿ ಬಂದರು. ನಿಮ್ಮ ಅಳಿಯ ನನ್ನ ಗಂಡನನ್ನು ಉಳಿಸಿದರು ಎಂದು ಶೈಲಾ ಅವರಿಗೆ ಹೇಳಿದಳು. ಅದರಲ್ಲಿ ಸುಳ್ಳೇನಿರಲಿಲ್ಲ. ಊಲಾ ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ತನ್ನ ಭಾಷೆಯಲ್ಲಿ, ತಲೆ ತಗ್ಗಿಸಿ, ಏನೋ ಹೇಳುತ್ತಾ ಹೋದ. ಕಲ್ಲನ್ನು ಅಪ್ಪಿಕೊಂಡದ್ದನ್ನು ಕೈಯಲ್ಲೇ ಮಾಡಿ ತೋರಿಸಿದ. ಅದು ನನಗೂ ಮಬ್ಬಾಗಿ ಕಂಡಿತು.

ಮಾವ ಹೆಗಲಿಗೆ ತಗುಲಿಸಿದ್ದ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ತಾವು ಕುಡಿಯುತ್ತಿದ್ದ ಲೋಟವನ್ನೇ ಅಳಿಯನ ಕೈಗಿಟ್ಟು ಒಂದು ವಾಕ್ಯ ಹೇಳಿದರು. ಮಾರಿತ್ ನಗುತ್ತಾ ಕಣ್ಣೊರೆಸಿಕೊಂಡಳು. ಏನೆಂದರು ಎಂದು ಕೇಳಿದೆ.

"ಮುಂದಿನ ಸಲ ಮೀನು ಹಿಡಿಯಲು ಹೋಗೋಣ ಅಂದರು."

ಮೋಡ ನಮ್ಮ ಕಡೆ ಬಾರದೆ ಬೇರೆ ಬೆಟ್ಟಕ್ಕೆ ಹೋಯಿತು. ಎಲ್ಲರೂ ಏಣಿನತ್ತ ತಿರುಗಿ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಜಗತ್ತಿನ ಮೂಲೆಮೂಲೆಯಿಂದ ಜನ ಈ ನೋಟಕ್ಕಾಗಿ ಬರುತ್ತಾರೆ. ನಾನು ಅಲ್ಲಾಳಸಂದ್ರದಿಂದ ಬಂದು, ಒಂದು ಹಸಿರು ಮತ್ತು ಒಂದು ನೀಲಿ ಕಲೆಯ ಮುಂದೆ ಕೂತಿದ್ದೆ.

ಶೈಲಾ ಪಕ್ಕಕ್ಕೆ ಬಂದು ಕೂತಳು. "ಕೇಳಿ, ಹೇಳ್ತೀನಿ. ಬಲಗಡೆ ನೀಲಿ ಕೆರೆ. ಹಿಂದಕ್ಕೆ ತಿರುಗಿ ಕೂತಿದ್ದೀವಲ್ಲ, ಅದಕ್ಕೆ ಬಲ. ಎಂಥ ನೀಲಿ ಅಂದ್ರೆ, ಬಿಳಿ ಪಂಚೆಗೆ ಹಾಕೋ ನೀಲಿ ಜಾಸ್ತಿ ಆದ್ರೆ ಬಕೆಟ್ಟಲ್ಲಿ ಇರುತ್ತಲ್ಲ, ಅದು. ಮೇಲೆ ಹಿಮದ ಚೂರು ಸೋಪಿನ ನೊರೆ ಥರ ತೇಲ್ತಿದೆ."

"ಹಸಿರು?"

"ಇರಿ, ಸರಿಯಾಗಿ ನೋಡ್ತೀನಿ." ಬಹಳ ಹೊತ್ತು ನೋಡಿದಳು. ಬೇಕರಿ ದಾಟಿ ಎಡಕ್ಕೆ, ಟ್ರಾನ್ಸ್‌ಫಾರ್ಮರ್ ಹತ್ತಿರ ಬಲಕ್ಕೆ ಎಂದು ದಾರಿ ಹೇಳುವವಳು ಅವಳು. ಬಣ್ಣ ವರ್ಣಿಸಿದ್ದನ್ನು ನಾನು ಕೇಳಿದವನಲ್ಲ. "ವೀಳ್ಯದೆಲೆಗೆ ಸುಣ್ಣ ಸವರ್ತಾರಲ್ಲ, ಸುಣ್ಣದ ಕೆಳಗೆ ಎಲೆ ಕಾಣುತ್ತಲ್ಲ. ಆ ಹಸಿರು. ತುಂಬಾ ಕೆಳಗಿದೆ. ಬೆಳಿಗ್ಗೆ ನಾವು ಬಂದ ದೋಣಿ ಒಂದು ಅಕ್ಕಿಕಾಳು. ಹಿಂದೆ ಗೆರೆ ಎಳ್ಕೊಂಡು ಹೋಗ್ತಿದೆ. ಗೆರೆ ಅಳಿಸ್ತಾನೂ ಇದೆ."

ಗಾಳಿ ತಣ್ಣಗಿತ್ತು. ಅವಳು ನನ್ನ ತೋಳಿಗೆ ಆತು ಕೂತಿದ್ದಳು. ನಾನು ಅವಳ ಬಕೆಟ್ಟನ್ನೂ ವೀಳ್ಯದೆಲೆಯನ್ನೂ ನೋಡಿದೆ, ಅಕ್ಕಿಕಾಳನ್ನೂ ನೋಡಿದೆ.

"ನಡುವೆ ನಾವು ಹತ್ತಿ ಬಂದ ದಾರಿ? ಅದು ಹೇಗಿದೆ?" ಎಂದು ಕೇಳಿದೆ.

ಶೈಲಾ ಆ ಕಡೆ ನೋಡಿದಳು. ಅವಳ ಉಸಿರು ಒಂದು ಕ್ಷಣ ನಿಂತದ್ದು ನನ್ನ ತೋಳಿಗೆ ತಿಳಿಯಿತು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಅದನ್ನ ಕೆಳಗಿಳಿದ ಮೇಲೆ ಹೇಳ್ತೀನಿ" ಎಂದಳು.

ಕೆಳಗಿಳಿದೆವು. ಊರಿಗೂ ಬಂದೆವು. ಅಂಗಡಿ, ಕ್ಲಾಸು, ಕೆರೆಯ ಸುತ್ತಿನ ನಡಿಗೆ ಎಲ್ಲ ಎಂದಿನಂತೆ ನಡೆದಿದೆ. ಅದೊಂದನ್ನು ಮಾತ್ರ ಅವಳು ಇನ್ನೂ ಹೇಳಿಲ್ಲ.